ಮೂತ್ರದ ಪರೀಕ್ಷೆಯಿಂದಲೇ ಪ್ರಾಸ್ಟೇಟ್ ಕ್ಯಾನ್ಸರ್ ತಿಳಿಯುತ್ತದೆಯೇ? ಅಪ್ಪಯ್ಯನಿಗೆ ಬಯಾಪ್ಸಿ ತಪ್ಪಿಸಬಹುದೇ?

ಪ್ರಶ್ನೆ: ಅಘನಾಶಿನಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನ ವಿಷಯವಾಗಿ ತಿಳಿದವರ ಸಲಹೆ ಬೇಕಾಗಿದೆ. ಅವರಿಗೆ 68 ವರ್ಷ. ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟವನ್ನು ಇಂದಿಗೂ ತಾವೇ ನೋಡಿಕೊಳ್ಳುತ್ತಾರೆ. ಕೆಲವು ವರ್ಷಗಳಿಂದ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು, ಧಾರೆಯೂ ಸಣ್ಣದಾಗಿತ್ತು. ಎರಡು ವರ್ಷದ ಹಿಂದೆ ಸ್ಕ್ಯಾನಿಂಗ್ ಮಾಡಿಸಿದಾಗ ಪ್ರಾಸ್ಟೇಟ್ ಗ್ರಂಥಿ 55 ಮಿಲಿ ಲೀಟರಿನಷ್ಟು ದೊಡ್ಡದಾಗಿದೆ ಎಂದು ಬಂತು. ರಕ್ತದ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನಿನ ಮಟ್ಟ, ಆಗ 7.4 ಇತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅಂದಿನಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ ಮತ್ತು ತೊಂದರೆ ಸಾಕಷ್ಟು ಕಡಿಮೆಯಾಗಿದೆ. ಇತ್ತೀಚೆಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಪಿಎಸ್‌ಎ 6.8 ಬಂದಿದೆ, ಅಂದರೆ ಸ್ವಲ್ಪ ಇಳಿದಿದೆ. ಆದರೂ ಈಗ ನೋಡಿದ ವೈದ್ಯರು ಮೂತ್ರರೋಗ ತಜ್ಞರ ಬಳಿ ಹೋಗಿ, ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ನೋಡುವ ಪರೀಕ್ಷೆ) ಬೇಕಾಗಬಹುದು ಎಂದಿದ್ದಾರೆ.

ಅಪ್ಪಯ್ಯ ಬಯಾಪ್ಸಿಗೆ ಒಪ್ಪುತ್ತಿಲ್ಲ. ಸೂಜಿ ತಾಗಿದರೆ ಸುಮ್ಮನಿದ್ದ ರೋಗ ಕೆರಳಿ ಹರಡುತ್ತದೆ ಎಂದು ಊರಿನಲ್ಲಿ ಯಾರೋ ಹೇಳಿದ ಮಾತು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಇದೇ ರೋಗದಿಂದ ತೀರಿಕೊಂಡರು. ತೋಟದ ಕೆಲಸದ ಬೆನ್ನುನೋವು ಎಂದುಕೊಂಡು ವರ್ಷವಿಡೀ ತೈಲ ತಿಕ್ಕಿಸಿಕೊಂಡಿದ್ದ ಅವರಿಗೆ, ರೋಗ ಮೂಳೆಗೆ ಇಳಿದಿದೆಯೆಂದು ಗೊತ್ತಾಗುವಾಗ ತಡವಾಗಿತ್ತು. ಹಾಗಾಗಿ ಸುಮ್ಮನಿರಲು ನನಗೆ ಧೈರ್ಯವಿಲ್ಲ, ಒತ್ತಾಯಿಸಲೂ ಮನಸ್ಸಿಲ್ಲ.

ಈ ನಡುವೆ ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಒಂದು ಸಂದೇಶ ಕಳುಹಿಸಿದ್ದಾರೆ. ಈಗ ಮೂತ್ರದ ಪರೀಕ್ಷೆಯಿಂದಲೇ ಪ್ರಾಸ್ಟೇಟ್ ಕ್ಯಾನ್ಸರನ್ನು ಆರಂಭದಲ್ಲೇ ಕಂಡುಹಿಡಿಯಬಹುದು, ಬಯಾಪ್ಸಿ ಬೇಕಿಲ್ಲ ಎಂದು ಅದರಲ್ಲಿದೆ. ಇದು ನಿಜವೇ? ಅಪ್ಪಯ್ಯನ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ ಎಂದು ಬಂದಿದೆ. ಅದನ್ನು ನಂಬಿ ಸಮಾಧಾನಪಡಬಹುದೇ? ಈ ಹೊಸ ಪರೀಕ್ಷೆಯನ್ನು ಶಿರಸಿಯಲ್ಲೋ ಕಾರವಾರದಲ್ಲೋ ಮಾಡಿಸಬಹುದೇ? ನನಗೆ 42 ವರ್ಷ, ತಮ್ಮನಿಗೆ 38. ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕಾಳೀತೀರ, ಕಾರವಾರ

ನಾನು ವೈದ್ಯನಲ್ಲ, ಕಾರವಾರದಲ್ಲಿ ಬಹುಕಾಲ ಪ್ರಯೋಗಾಲಯ ತಂತ್ರಜ್ಞನಾಗಿ ಕೆಲಸ ಮಾಡಿದವನು. ಚಿಕಿತ್ಸೆಯ ನಿರ್ಧಾರವನ್ನು ತಜ್ಞರಿಗೆ ಬಿಟ್ಟು, ಪರೀಕ್ಷೆಗಳ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲಿಗೆ, ಸಾಮಾನ್ಯ ಮೂತ್ರ ಪರೀಕ್ಷೆ ಸರಿಯಾಗಿದೆ ಎಂಬುದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲವೆಂದು ತಿಳಿಯುವಂತಿಲ್ಲ. ಆ ಪರೀಕ್ಷೆಯಲ್ಲಿ ನಾವು ನೋಡುವುದು ಸಕ್ಕರೆ, ಪ್ರೋಟೀನು, ಕೀವಿನ ಕಣ, ರಕ್ತಕಣ ಇಂಥವುಗಳನ್ನು. ಸೋಂಕು ಇದೆಯೇ ಎಂದು ತಿಳಿಯಲು ಅದು ಬೇಕು, ಮತ್ತು ಸೋಂಕಿನಿಂದಲೂ ಪಿಎಸ್‌ಎ ಏರುವುದರಿಂದ ನಿಮ್ಮ ತಂದೆಯವರ ವಿಷಯದಲ್ಲಿ ಅದಕ್ಕೂ ಒಂದು ಬೆಲೆಯಿದೆ. ಆದರೆ ಕ್ಯಾನ್ಸರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನಿಮ್ಮ ಭಾವನವರು ಹೇಳಿದ ಪರೀಕ್ಷೆಗಳು ಬೇರೆಯೇ. ಅವು ಇರುವುದು ನಿಜ, ಅವುಗಳ ಹಿಂದಿನ ವಿಜ್ಞಾನವೂ ಗಟ್ಟಿಯಾದದ್ದು. ಮೂತ್ರನಾಳವು ಪ್ರಾಸ್ಟೇಟ್ ಗ್ರಂಥಿಯ ನಡುವಿನಿಂದಲೇ ಹಾದುಬರುತ್ತದೆ, ಗ್ರಂಥಿಯ ಸಣ್ಣ ನಾಳಗಳು ಅಲ್ಲಿಗೇ ಬಂದು ತೆರೆಯುತ್ತವೆ. ತೋಟದ ನಡುವಿನ ದೊಡ್ಡ ಕಾಲುವೆಗೆ ಇಕ್ಕೆಲದ ಸಣ್ಣ ಕಾಲುವೆಗಳ ನೀರು ಸೇರುವಂತೆ ಗ್ರಂಥಿಯ ದ್ರವ, ಅದರ ಜೊತೆಗೆ ಉದುರಿದ ಜೀವಕೋಶಗಳು ಮತ್ತು ಆ ಕೋಶಗಳ ಆರ್‌ಎನ್‌ಎ (ಜೀನುಗಳಿಂದ ನಕಲಾಗಿ ಬರುವ ಅಣು) ಮೂತ್ರಕ್ಕೆ ಸೇರುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾಗಿ ತಯಾರಾಗುವ ಕೆಲವು ಆರ್‌ಎನ್‌ಎಗಳನ್ನು ಆ ಮೂತ್ರದಲ್ಲಿ ಅಳೆಯುವುದೇ ಈ ಪರೀಕ್ಷೆಗಳ ತತ್ತ್ವ.

ಇವುಗಳಲ್ಲಿ ಮೊದಲು ಬಳಕೆಗೆ ಬಂದದ್ದು ಪಿಸಿಎ3. ಆ ಆರ್‌ಎನ್‌ಎಯನ್ನು ಗುರುತಿಸಿದ ವರದಿ 1999ರಲ್ಲಿ ಬಂತು. ಅದರ ಮೂತ್ರ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಒಪ್ಪಿಗೆ ಯಾರಿಗಾಗಿ ಎಂಬುದನ್ನು ಗಮನಿಸಬೇಕು. ಒಮ್ಮೆ ಬಯಾಪ್ಸಿ ಮಾಡಿಸಿ ಕ್ಯಾನ್ಸರ್ ಕಾಣದೆ, ಆದರೂ ಅನುಮಾನ ಉಳಿದಿರುವವರಿಗೆ ಮತ್ತೊಮ್ಮೆ ಬಯಾಪ್ಸಿ ಬೇಕೇ ಬೇಡವೇ ಎಂದು ತೀರ್ಮಾನಿಸಲು ನೆರವಾಗಲೆಂದು ಕೊಟ್ಟ ಒಪ್ಪಿಗೆ ಅದು. ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ರೋಗ ಹುಡುಕಲಿಕ್ಕಲ್ಲ. 2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ, ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಎರಡು ಜೀನುಗಳು ಮುರಿದು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ಕಂಡುಹಿಡಿಯಿತು. ಆ ಬೆಸುಗೆಯ ಗುರುತನ್ನೂ ಪಿಸಿಎ3ಯನ್ನೂ ರಕ್ತದ ಪಿಎಸ್‌ಎಯನ್ನೂ ಕೂಡಿಸಿ ಲೆಕ್ಕ ಹಾಕುವ ಪರೀಕ್ಷೆ ಅಲ್ಲಿಂದಲೇ ಬಂತು, ಮತ್ತು 2024ರಲ್ಲಿ 18 ಜೀನುಗಳನ್ನು ನೋಡುವ ಅದರ ಹೊಸ ರೂಪದ ವರದಿ ಪ್ರಕಟವಾಯಿತು. ಸೆಲೆಕ್ಟ್‌ಎಂಡಿಎಕ್ಸ್ ಎಂಬುದು ಬೇರೆ ಎರಡು ಜೀನುಗಳನ್ನು ನೋಡುತ್ತದೆ. ಎಕ್ಸೋಡಿಎಕ್ಸ್ ಎಂಬುದು ಮೂತ್ರದಲ್ಲಿರುವ ಎಕ್ಸೋಸೋಮ್ ಎಂಬ ಅತಿ ಸೂಕ್ಷ್ಮ ಚೀಲಗಳೊಳಗಿನ ಆರ್‌ಎನ್‌ಎಯನ್ನು ಅಳೆಯುತ್ತದೆ.

ಮಾದರಿ ಸಂಗ್ರಹಿಸುವ ಕ್ರಮದಲ್ಲಿಯೇ ಇವು ನಮ್ಮ ದಿನನಿತ್ಯದ ಪರೀಕ್ಷೆಗಿಂತ ಭಿನ್ನ. ಸೋಂಕಿನ ರೋಗಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ನಾವು ಮೊದಲ ಮೂತ್ರವನ್ನು ಬಿಟ್ಟು ನಡುವಿನದ್ದನ್ನು ಹಿಡಿದುಕೊಡಿ ಎಂದು ಹೇಳುತ್ತೇವೆ. ಇಲ್ಲಿ ಬೇಕಾಗಿರುವುದು ಮೊದಲ ಧಾರೆಯೇ, ಏಕೆಂದರೆ ಗ್ರಂಥಿಯಿಂದ ಬಂದದ್ದೆಲ್ಲ ಆ ಮೊದಲ 20-30 ಮಿಲಿ ಲೀಟರಿನಲ್ಲಿಯೇ ಕೊಚ್ಚಿಕೊಂಡು ಬರುತ್ತದೆ. ಪಿಸಿಎ3ಯಂಥ ಪರೀಕ್ಷೆಗೆ ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಒತ್ತಿ ಪರೀಕ್ಷಿಸಿದ ಕೂಡಲೇ ಮೂತ್ರ ಹಿಡಿಯಬೇಕು, ತಣ್ಣಗಿಟ್ಟು 4 ಗಂಟೆಯೊಳಗೆ ಸಂರಕ್ಷಕ ದ್ರವವಿರುವ ಕೊಳವೆಗೆ ವರ್ಗಾಯಿಸಬೇಕು. ಇಲ್ಲದಿದ್ದರೆ ಆರ್‌ಎನ್‌ಎ ಕರಗಿಹೋಗುತ್ತದೆ. ಎಕ್ಸೋಡಿಎಕ್ಸ್ ಪರೀಕ್ಷೆಗೆ ಬೆರಳಿನ ಪರೀಕ್ಷೆ ಬೇಕಾಗಿಲ್ಲ. ಕಾರವಾರ, ಶಿರಸಿಯ ಲ್ಯಾಬ್‌ಗಳಲ್ಲಿ ಇವು ಯಾವುವೂ ನಡೆಯುವುದಿಲ್ಲ. ಅಲ್ಲಿ ಇಲ್ಲಿ ಮೂತ್ರ ತೆಗೆದುಕೊಂಡು ಕ್ಯಾನ್ಸರ್ ಹೇಳುತ್ತೇವೆ ಎನ್ನುವವರು ಸಿಕ್ಕಿದರೆ, ಯಾವ ಗುರುತನ್ನು ಅಳೆಯುತ್ತೀರಿ, ಮಾದರಿಯನ್ನು ಹೇಗೆ ಸಂರಕ್ಷಿಸುತ್ತೀರಿ, ಎಲ್ಲಿಗೆ ಕಳುಹಿಸುತ್ತೀರಿ ಎಂದು ಕೇಳಿ. ಉತ್ತರ ಸರಿಯಾಗಿ ಬಾರದಿದ್ದರೆ ಹಣ ಕೊಡಬೇಡಿ.

ಇನ್ನು ಫಲಿತಾಂಶದ ಅರ್ಥ. ಎಕ್ಸೋಡಿಎಕ್ಸ್ ಪರೀಕ್ಷೆಯ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ತೆಗೆದುಕೊಳ್ಳೋಣ. 50 ವರ್ಷ ದಾಟಿದ, ಪಿಎಸ್‌ಎ 2ರಿಂದ 10ರೊಳಗಿದ್ದ ಪುರುಷರಲ್ಲಿ ಅಂಕ 15.6ಕ್ಕಿಂತ ಕಡಿಮೆ ಬಂದರೆ, ತೀವ್ರ ಸ್ವರೂಪದ ಕ್ಯಾನ್ಸರ್ ಇಲ್ಲದಿರುವ ಸಾಧ್ಯತೆ ನೂರಕ್ಕೆ 91ರಷ್ಟಿತ್ತು. ಅಂದರೆ ಒಳ್ಳೆಯ ಅಂಕ ಬಂದ ನೂರು ಜನರಲ್ಲಿ ಸುಮಾರು 9 ಜನರಿಗೆ ಅಂಥ ರೋಗ ಇದ್ದೇ ಇತ್ತು. ಆ ಪರೀಕ್ಷೆಯನ್ನು ಅನುಸರಿಸಿದ್ದರೆ ನೂರರಲ್ಲಿ 27 ಬಯಾಪ್ಸಿಗಳನ್ನು ತಪ್ಪಿಸಬಹುದಿತ್ತು. ಉಳಿದ 73 ಜನರಿಗೆ ಬಯಾಪ್ಸಿ ಬೇಕೇ ಬೇಕಿತ್ತು, ಅವರಲ್ಲಿಯೂ ಅನೇಕರಿಗೆ ತೀವ್ರ ರೋಗವಿರಲಿಲ್ಲ. ಇದು ಸಣ್ಣ ಉಪಕಾರವೆಂದು ನಾನು ಹೇಳುವುದಿಲ್ಲ. ಆದರೆ ಈ ಪರೀಕ್ಷೆ ಉತ್ತರಿಸುವ ಪ್ರಶ್ನೆ ‘ಈಗ ಬಯಾಪ್ಸಿ ಮಾಡಿಸಬೇಕೇ’ ಎಂಬುದು ಮಾತ್ರ. ಕ್ಯಾನ್ಸರ್ ಇದೆಯೆಂದು ಖಚಿತಪಡಿಸುವುದು ಇಂದಿಗೂ ಗ್ರಂಥಿಯ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡುವುದರಿಂದಲೇ. ಜೊತೆಗೆ, ಈ ಪರೀಕ್ಷೆಗಳು ಬಹುಮಟ್ಟಿಗೆ ಅಮೆರಿಕ, ಯುರೋಪಿನ ಪುರುಷರ ಮೇಲೆ ರೂಪುಗೊಂಡವು. ಮೇಲೆ ಹೇಳಿದ ಜೀನುಗಳ ಬೆಸುಗೆ ಯುರೋಪ್ ಮೂಲದವರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕಾಣಿಸುತ್ತದೆ. ಏಷ್ಯಾದವರಲ್ಲಿ ಅದು ಕಡಿಮೆ. ಆದ್ದರಿಂದ ಅಲ್ಲಿಯ ಅಂಕಿಗಳನ್ನು ನಮ್ಮವರಿಗೆ ನೇರವಾಗಿ ಹೊಂದಿಸುವಾಗ ಎಚ್ಚರ ಬೇಕು.

ಒಂದು ಮಾತು ಕೇಳುವುದು ಬಹಳ ಮುಖ್ಯ. ನಿಮ್ಮ ತಂದೆಯವರು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದು? ಹಾಳೆಯ ಮೇಲೆ ಟ್ಯಾಮ್ಸುಲೋಸಿನ್ ಎಂದಷ್ಟೇ ಇದೆಯೇ, ಅಥವಾ ಅದರ ಜೊತೆಗೆ ಡ್ಯುಟಾಸ್ಟರೈಡ್ ಇಲ್ಲವೇ ಫಿನಾಸ್ಟರೈಡ್ ಎಂದೂ ಇದೆಯೇ? ದಯವಿಟ್ಟು ನೋಡಿ ತಿಳಿಸಿ.

ಉತ್ತರ 2: ನಿವೃತ್ತ ಶಿಕ್ಷಕ, ಹೊನ್ನಾವರ

ಮೇಲಿನವರು ಪರೀಕ್ಷೆಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಿಮ್ಮ ತಂದೆಯವರ ಭಯದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಆ ದಾರಿಯಲ್ಲಿ ನಾನೂ ಹೋಗಿ ಬಂದಿದ್ದೇನೆ.

ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ನನ್ನ ಮಗಳು ಮಣಿಪಾಲದಲ್ಲಿ ವೈದ್ಯರ ಮುಂದೆಯೇ ಕೇಳಿದಳು. ಪ್ರಾಸ್ಟೇಟ್ ಬಯಾಪ್ಸಿಯಿಂದ ಹಾಗಾಗುವುದು ಅತ್ಯಂತ ವಿರಳವೆಂದೂ, ಬಯಾಪ್ಸಿಯ ನಂತರ ರೋಗ ಉಲ್ಬಣಿಸಿದಂತೆ ಕಾಣುವುದು ಬಹುಪಾಲು ರೋಗ ಮೊದಲೇ ಮುಂದುವರಿದಿದ್ದ ಕಾರಣಕ್ಕೆಂದೂ ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ನಮ್ಮ ಕಡೆ ಜನ ಕೊನೆಯ ಹಂತದಲ್ಲಿ ಆಸ್ಪತ್ರೆಗೆ ಹೋಗುತ್ತಾರೆ, ಬಯಾಪ್ಸಿ ಆಗುತ್ತದೆ, ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಾರೆ. ಉಳಿದವರ ನೆನಪಿನಲ್ಲಿ ನಿಲ್ಲುವುದು ಸೂಜಿ ಮಾತ್ರ. ನಿಮ್ಮ ದೊಡ್ಡಪ್ಪನವರ ಕಥೆಯನ್ನೂ ಅಪ್ಪಯ್ಯನವರು ಹಾಗೆಯೇ ನೆನಪಿಟ್ಟುಕೊಂಡಿರಬಹುದು. ಅವರೊಡನೆ ಕುಳಿತು ಮಾತನಾಡುವಾಗ ಇದನ್ನು ಮೃದುವಾಗಿ ಪ್ರಸ್ತಾಪಿಸಿ.

ಬಯಾಪ್ಸಿಯಲ್ಲಿ ಕಷ್ಟವೇ ಇಲ್ಲ ಎಂದು ಹೇಳಲಾರೆ. ಜಾಗಕ್ಕೆ ಮರಗಟ್ಟುವ ಮದ್ದು ಕೊಟ್ಟು, ಸ್ಕ್ಯಾನಿಂಗ್ ಮೂಲಕ ನೋಡುತ್ತ ಹತ್ತು ಹನ್ನೆರಡು ಎಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ. ಕೆಲವು ದಿನ ಮೂತ್ರದಲ್ಲಿ, ಮಲದಲ್ಲಿ ರಕ್ತ ಕಾಣಿಸುವುದುಂಟು. ವೀರ್ಯದಲ್ಲಿ ಇನ್ನೂ ಕೆಲವು ವಾರ ಕಾಣಬಹುದು. ನಿಜವಾಗಿ ಹೆದರಬೇಕಾದದ್ದು ಸೋಂಕಿಗೆ. ಚಳಿಜ್ವರ ಬಂದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ನನಗೆ ಒತ್ತಿ ಹೇಳಿದ್ದರು. ಗುದನಾಳದ ಮೂಲಕ ತೆಗೆಯುವುದರ ಬದಲು ಅದರ ಮುಂದಿನ ಚರ್ಮದ ಮೂಲಕ ತೆಗೆಯುವ ಕ್ರಮದಲ್ಲಿ ಸೋಂಕಿನ ಅಪಾಯ ಕಡಿಮೆ. ಆ ಸೌಕರ್ಯ ಇದೆಯೇ ಎಂದು ಕೇಳಿ.

ಬಯಾಪ್ಸಿಗೆ ಮೊದಲು ಎಂಆರ್‌ಐ ಮಾಡಿಸುವ ವಿಷಯವನ್ನೂ ಮರೆಯಬೇಡಿ. ಬ್ರಿಟನ್ನಿನಲ್ಲಿ 576 ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರೊಮಿಸ್ ಅಧ್ಯಯನದಲ್ಲಿ, ಗಮನಿಸಲೇಬೇಕಾದ ಕ್ಯಾನ್ಸರನ್ನು ಎಂಆರ್‌ಐ ನೂರಕ್ಕೆ 93ರಷ್ಟು ಗುರುತಿಸಿತು, ಆ ಕಾಲದ ರೂಢಿಯ ಬಯಾಪ್ಸಿ ಗುರುತಿಸಿದ್ದು 48ರಷ್ಟನ್ನು ಮಾತ್ರ. ಎಂಆರ್‌ಐಯಲ್ಲಿ ಏನೂ ಕಾಣದಿದ್ದರೆ ಕೆಲವರಿಗೆ ಬಯಾಪ್ಸಿಯೇ ತಪ್ಪುತ್ತದೆ, ಕಂಡರೆ ಸೂಜಿಯನ್ನು ಆ ಜಾಗಕ್ಕೇ ಗುರಿಯಿಡಬಹುದು. ಬಯಾಪ್ಸಿ ತಪ್ಪಿಸುವ ಆಸೆಯೇ ಮುಖ್ಯವಾಗಿದ್ದರೆ, ಎಲ್ಲಿಗೋ ಮೂತ್ರ ಕಳುಹಿಸುವುದಕ್ಕಿಂತ ಇದು ನಮ್ಮ ಜಿಲ್ಲೆಯವರಿಗೆ ಹೆಚ್ಚು ಕೈಗೆಟುಕುವ ಹಾದಿಯೆಂದು ನನ್ನ ಅಭಿಪ್ರಾಯ.

ನನ್ನ ಬಯಾಪ್ಸಿಯಲ್ಲಿ ಗ್ಲೀಸನ್ 3+3, ಅಂದರೆ ಅತ್ಯಂತ ಕೆಳಗಿನ ದರ್ಜೆಯ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ ಮಾಡಲಿಲ್ಲ, ವಿಕಿರಣವನ್ನೂ ಕೊಡಲಿಲ್ಲ. ಕಾಲಕಾಲಕ್ಕೆ ಪಿಎಸ್‌ಎ, ಬೆರಳಿನ ಪರೀಕ್ಷೆ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ, ಹೀಗೆ ಕಣ್ಣಿಟ್ಟು ಕಾಯುವುದೇ ನನಗೆ ಗೊತ್ತುಪಡಿಸಿದ ಕ್ರಮ. ಮನೆಯವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಕ್ಯಾನ್ಸರ್ ಎಂದ ಮೇಲೆ ಸುಮ್ಮನೆ ಬಿಡುವುದುಂಟೇ ಎಂದು ನನ್ನ ಹೆಂಡತಿ ಕೇಳಿದಳು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ರೋಗ ಗ್ರಂಥಿಯೊಳಗೇ ಇದ್ದ 1643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ ಅನುಸರಿಸಿದರು. 2023ರಲ್ಲಿ ಬಂದ ಹದಿನೈದು ವರ್ಷಗಳ ಫಲಿತಾಂಶದ ಪ್ರಕಾರ ಯಾವ ಗುಂಪಿನಲ್ಲಿದ್ದರೂ ಸುಮಾರು ನೂರಕ್ಕೆ 97 ಜನ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ನಿಗಾದಲ್ಲಿದ್ದವರಲ್ಲಿ ರೋಗ ಗ್ರಂಥಿಯಿಂದ ಹೊರಗೆ ಹರಡಿದ್ದು ಹೆಚ್ಚು ಎಂಬುದನ್ನೂ ಅದೇ ಅಧ್ಯಯನ ತೋರಿಸಿದೆ, ಆದ್ದರಿಂದ ತಪಾಸಣೆಯ ದಿನಗಳನ್ನು ನಾನು ತಪ್ಪಿಸುವುದಿಲ್ಲ. ಬಯಾಪ್ಸಿಯೆಂದರೆ ಆಪರೇಷನ್ನಿಗೆ ಒಪ್ಪಿಕೊಂಡಂತೆ ಅಲ್ಲವೆಂದು ಅಪ್ಪಯ್ಯನವರಿಗೆ ತಿಳಿಸಿ. ನನಗೆ ಮೊದಲೇ ಯಾರಾದರೂ ಇದನ್ನು ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಮರುಪ್ರಶ್ನೆ: ಅಘನಾಶಿನಿ, ಶಿರಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊನ್ನಾವರದ ಮಾಸ್ತರರ ಬರಹವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಏನೂ ಹೇಳಲಿಲ್ಲ, ಆದರೆ ಎಂಆರ್‌ಐಯ ಭಾಗವನ್ನು ಮತ್ತೊಮ್ಮೆ ಓದಿಸಿಕೊಂಡರು.

ಮಾತ್ರೆಯ ಹಾಳೆಯನ್ನು ನೋಡಿದೆ. ಟ್ಯಾಮ್ಸುಲೋಸಿನ್ ಮತ್ತು ಡ್ಯುಟಾಸ್ಟರೈಡ್ ಎರಡೂ ಸೇರಿದ ಮಾತ್ರೆ ಅದು, ದಿನಕ್ಕೊಂದು, ರಾತ್ರಿ ಊಟದ ನಂತರ. ಎರಡು ವರ್ಷದಿಂದ ಅದೇ ಮಾತ್ರೆ. ಇದಕ್ಕೂ ಪಿಎಸ್‌ಎಗೂ ಸಂಬಂಧವಿದೆಯೇ? ಮೂತ್ರದ ಕಲ್ಚರ್ ಕೂಡ ಮಾಡಿಸಿದ್ದೆವು, ಸೋಂಕು ಇಲ್ಲವೆಂದು ಬಂದಿದೆ.

ಉತ್ತರ 3: ಕಾಳೀತೀರ, ಕಾರವಾರ

ಸಂಬಂಧವಿದೆ, ಮತ್ತು ನೀವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇ ಇದರಿಂದ ಬದಲಾಗುತ್ತದೆ.

ಟ್ಯಾಮ್ಸುಲೋಸಿನ್ ಮೂತ್ರದ ದಾರಿಯ ಸ್ನಾಯುವನ್ನು ಸಡಿಲಿಸುತ್ತದೆ, ಅದರಿಂದ ಪಿಎಸ್‌ಎ ಬದಲಾಗುವುದಿಲ್ಲ. ಡ್ಯುಟಾಸ್ಟರೈಡ್ ಹಾಗಲ್ಲ. ಅದು ಪುರುಷ ಹಾರ್ಮೋನು ತನ್ನ ಹೆಚ್ಚು ಪ್ರಬಲವಾದ ರೂಪಕ್ಕೆ ಬದಲಾಗುವುದನ್ನು ತಡೆದು ಗ್ರಂಥಿಯನ್ನು ಕುಗ್ಗಿಸುತ್ತದೆ. ಹಾಗೆಯೇ ರಕ್ತದ ಪಿಎಸ್‌ಎಯನ್ನೂ ಆರು ತಿಂಗಳಿಂದ ಒಂದು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಫಿನಾಸ್ಟರೈಡ್ ಕೂಡ ಇದೇ ಬಗೆಯದು. ಈ ಮಾತ್ರೆಗಳನ್ನು ತೆಗೆದುಕೊಳ್ಳುವವರ ಪಿಎಸ್‌ಎಯನ್ನು ಓದುವಾಗ ಎರಡರಿಂದ ಗುಣಿಸಿ ನೋಡುವುದು ರೂಢಿ.

ಎರಡು ವರ್ಷದ ಹಿಂದೆ 7.4 ಇದ್ದದ್ದು ಮಾತ್ರೆಯ ಪರಿಣಾಮದಿಂದ ಸುಮಾರು 3.7ಕ್ಕೆ ಇಳಿಯಬೇಕಿತ್ತು. ಈಗ ಬಂದಿರುವ 6.8 ಅನ್ನು ಗುಣಿಸಿದರೆ 13.6 ಆಗುತ್ತದೆ. ಅಂದರೆ ಕಾಗದದ ಮೇಲೆ ಇಳಿದಂತೆ ಕಂಡರೂ ಅದು ಇಳಿದಿಲ್ಲ, ಏರಿದೆ. ಇದರಿಂದ ಕ್ಯಾನ್ಸರ್ ಇದೆಯೆಂದು ಯಾರೂ ತೀರ್ಮಾನಿಸಬಾರದು. ಪಿಎಸ್‌ಎ ಎಂಬುದು ಗ್ರಂಥಿಯ ಗುರುತೇ ಹೊರತು ಕ್ಯಾನ್ಸರಿನದ್ದಲ್ಲ. ಆದರೆ ಈ ಮಾತ್ರೆಯ ಮೇಲಿರುವವರಲ್ಲಿ ಪಿಎಸ್‌ಎ ನಿರೀಕ್ಷೆಯಂತೆ ಇಳಿಯದಿರುವುದು ಅಥವಾ ಇಳಿದು ಮತ್ತೆ ಏರುವುದನ್ನು ತಜ್ಞರು ಗಂಭೀರವಾಗಿಯೇ ನೋಡುತ್ತಾರೆ. ಈಗಿನ ವೈದ್ಯರು ನಿಮ್ಮನ್ನು ಮುಂದಕ್ಕೆ ಕಳುಹಿಸಿದ್ದಕ್ಕೆ ಇದೇ ಕಾರಣವಿರಬಹುದು. ಎರಡು ವರ್ಷದ ಹಿಂದೆ ಮಾತ್ರೆಯಿಂದ ಆರಂಭಿಸಿದ್ದಕ್ಕೂ ಆಧಾರವಿತ್ತು. ಆಗಿನ 7.4 ಅನ್ನು ಗ್ರಂಥಿಯ 55 ಮಿಲಿ ಲೀಟರಿನಿಂದ ಭಾಗಿಸಿದರೆ ಸುಮಾರು 0.13 ಬರುತ್ತದೆ. ಪಿಎಸ್‌ಎ ಸಾಂದ್ರತೆ ಎಂದು ಕರೆಯುವ ಈ ಲೆಕ್ಕದಲ್ಲಿ 0.15 ದಾಟಿದರೆ ಅನುಮಾನ ಹೆಚ್ಚು; ಅದಕ್ಕಿಂತ ಕೆಳಗಿದ್ದರೆ ಗ್ರಂಥಿ ದೊಡ್ಡದಾದ್ದರಿಂದಲೇ ಪಿಎಸ್‌ಎ ಏರಿರಬಹುದು ಎಂದು ಭಾವಿಸಲು ಅವಕಾಶವಿದೆ.

ಇನ್ನು ಮೂತ್ರದ ಪರೀಕ್ಷೆಯ ಮಾತು. ನಾನು ಮೇಲೆ ವಿವರಿಸಿದ ಅಧ್ಯಯನ ಪಿಎಸ್‌ಎ 2ರಿಂದ 10ರೊಳಗಿನವರದು. ಅನುಮಾನ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿರುವ ಆ ನಡುವಿನ ಪಟ್ಟಿಯಲ್ಲಿಯೇ ಇಂಥ ಪರೀಕ್ಷೆಗಳ ಉಪಯೋಗ. ಗುಣಿಸಿದ ಲೆಕ್ಕದಲ್ಲಿ ನಿಮ್ಮ ತಂದೆಯವರು ಆ ಪಟ್ಟಿಯಿಂದ ಹೊರಗೆ ಬರುತ್ತಾರೆ. ಅವರಿಗೆ ಕಡಿಮೆ ಅಂಕ ಬಂದರೂ ಅದನ್ನು ನಂಬಿ ಕೂರಲಾಗದು, ಹೆಚ್ಚು ಅಂಕ ಬಂದರೆ ಬಯಾಪ್ಸಿ ಹೇಗೂ ಬೇಕು. ನನ್ನ ತಿಳಿವಳಿಕೆಯಲ್ಲಿ ಆ ಪರೀಕ್ಷೆಗಾಗಿ ಹಣವನ್ನೂ ವಾರಗಳನ್ನೂ ಕಳೆಯುವ ಬದಲು ನೇರವಾಗಿ ಮೂತ್ರರೋಗ ತಜ್ಞರಿಗೆ ತೋರಿಸಿ, ಬೆರಳಿನ ಪರೀಕ್ಷೆ ಮತ್ತು ಎಂಆರ್‌ಐಯಿಂದ ಮುಂದುವರಿಯುವುದೇ ಸರಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮೂತ್ರದ ತೊಂದರೆ ಮರಳಬಹುದು, ಮತ್ತು ಮುಂದಿನ ಪಿಎಸ್‌ಎಯನ್ನು ಹೇಗೆ ಓದಬೇಕೆಂಬುದೂ ಗೊಂದಲವಾಗುತ್ತದೆ.

ಉತ್ತರ 4: ಶುಶ್ರೂಷಕಿ, ಅಂಕೋಲಾ

ಅಣ್ಣ, ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ನಿಮ್ಮಿಬ್ಬರ ತಪಾಸಣೆಯ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಅದಕ್ಕೆ ಮೊದಲು ಇನ್ನೊಂದು ಮಾತು. ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಗಿದೆ, ಆದ್ದರಿಂದ ಕಾಯಿಲೆಯೂ ಕಡಿಮೆಯಾಗಿದೆ ಎಂದು ತಿಳಿಯಬೇಡಿ. ವಯಸ್ಸಿನಿಂದ ಗ್ರಂಥಿ ದೊಡ್ಡದಾಗುವುದು ಮೂತ್ರನಾಳವನ್ನು ಸುತ್ತುವರಿದ ಒಳಭಾಗದಲ್ಲಿ, ಅದಕ್ಕೇ ಧಾರೆ ಕಟ್ಟುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ನಾಳದಿಂದ ದೂರವಿರುವ ಹೊರಭಾಗದಲ್ಲಿ. ಹಾಗಾಗಿ ಆರಂಭದ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನಮ್ಮ ಕಡೆ ಗಂಡಸರು ತೊಂದರೆ ಬಂದ ಮೇಲೆ ನೋಡೋಣ ಎನ್ನುತ್ತಾರೆ; ಈ ರೋಗದಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ. ದೊಡ್ಡಪ್ಪನವರಿಗೆ ಆದಂತೆ ಬಿಡದ ಬೆನ್ನುನೋವು, ಕಾಲಿನಲ್ಲಿ ಬಲ ಕುಂದುವುದು, ಇದ್ದಕ್ಕಿದ್ದಂತೆ ಮೂತ್ರ ಕಟ್ಟುವುದು ಅಪ್ಪಯ್ಯನವರಲ್ಲಿ ಕಂಡರೆ ನಿಗದಿಯಾದ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗ ಬೆನ್ನುಹುರಿಯನ್ನು ಒತ್ತಿದರೆ ಗಂಟೆಗಳೂ ಮುಖ್ಯವಾಗುತ್ತವೆ.

ನಿಮ್ಮಿಬ್ಬರ ಬಗ್ಗೆ ಹೇಳುವುದಾದರೆ, ತಂದೆಗೋ ಒಡಹುಟ್ಟಿದವನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ನಿಮ್ಮ ತಂದೆಯವರಿಗೆ ಇದೆಯೆಂದು ಇನ್ನೂ ತಿಳಿದಿಲ್ಲ, ದೊಡ್ಡಪ್ಪನವರಿಗೆ ಇತ್ತು. ಮನೆಯಲ್ಲಿ ಈ ರೋಗವಿರುವವರು 45ರ ಹೊತ್ತಿಗೆ ವೈದ್ಯರೊಡನೆ ಪಿಎಸ್‌ಎಯ ಬಗ್ಗೆ ಮಾತನಾಡಬೇಕೆಂದು ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮನೆತನದ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ತಪ್ಪದೆ ತಿಳಿಸಿ, ಏಕೆಂದರೆ ಬಿಆರ್‌ಸಿಎ2 ಎಂಬ ಜೀನಿನ ದೋಷ ಈ ಮೂರಕ್ಕೂ ಸಂಬಂಧಿಸಿದ್ದು, ಅದಿದ್ದವರು 40ರಿಂದಲೇ ನಿಗಾ ಇಡಬೇಕಾಗುತ್ತದೆ. ಈಗಲೇ ಗಾಬರಿಗೊಂಡು ತಮ್ಮನನ್ನು ಲ್ಯಾಬಿಗೆ ಓಡಿಸಬೇಕಾಗಿಲ್ಲ. ಅಪ್ಪಯ್ಯನವರ ಫಲಿತಾಂಶ ಬಂದ ಮೇಲೆ ನಿಮ್ಮಿಬ್ಬರ ಪ್ರಶ್ನೆಗೂ ಉತ್ತರ ಸ್ಪಷ್ಟವಾಗುತ್ತದೆ.

ಸರ್ಕಾರದ ಸಾಂಕ್ರಾಮಿಕವಲ್ಲದ ರೋಗಗಳ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು ನೋಡುತ್ತೇವೆ, ಪ್ರಾಸ್ಟೇಟ್ ಅದರಲ್ಲಿ ಸೇರಿಲ್ಲ. ಎಲ್ಲರಿಗೂ ಪಿಎಸ್‌ಎ ಮಾಡಬೇಕೇ ಎಂಬ ಬಗ್ಗೆ ಮುಂದುವರಿದ ದೇಶಗಳಲ್ಲಿಯೂ ಒಮ್ಮತವಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ಬೇಡವೆಂದಿತ್ತು. 2018ರಲ್ಲಿ 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ ಎಂದು ಬದಲಾಯಿಸಿತು. ಅಪಾಯವಿಲ್ಲದ ಕ್ಯಾನ್ಸರನ್ನೂ ಹುಡುಕಿ ತೆಗೆದು ಅನವಶ್ಯಕ ಚಿಕಿತ್ಸೆ ಕೊಟ್ಟು, ಮೂತ್ರ ಸೋರುವಿಕೆ, ಲೈಂಗಿಕ ದೌರ್ಬಲ್ಯದಂಥ ತೊಂದರೆ ತಂದುಕೊಳ್ಳುವ ಭಯವೇ ಅದಕ್ಕೆ ಕಾರಣ. ಮೂತ್ರದ ಹೊಸ ಪರೀಕ್ಷೆಗಳ ಮೇಲೆ ಜಗತ್ತಿನ ಸಂಶೋಧಕರು ಇಷ್ಟೊಂದು ಆಸೆ ಇಟ್ಟಿರುವುದು ಇದಕ್ಕೇ: ನಿಜವಾಗಿ ಕೆಡುಕು ಮಾಡುವ ರೋಗವನ್ನು ಮಾತ್ರ ಬೇರ್ಪಡಿಸುವ ಸುಲಭದ ದಾರಿ ಬೇಕಾಗಿದೆ. ಘಟ್ಟ ಹತ್ತಿ ಇಳಿದು ಹುಬ್ಬಳ್ಳಿ, ಮಣಿಪಾಲ, ಗೋವಾಕ್ಕೆ ಹೋಗಲೇಬೇಕಾದ ನಮ್ಮ ಜಿಲ್ಲೆಯವರಿಗೆ ಅಂಥದ್ದು ಬಂದರೆ ಎಷ್ಟು ಅನುಕೂಲವೆಂದು ದಿನವೂ ರೋಗಿಗಳನ್ನು ಕಳುಹಿಸಿಕೊಡುವ ನನಗೆ ಚೆನ್ನಾಗಿ ಗೊತ್ತು.

ಆಯುಷ್ಮಾನ್ ಕಾರ್ಡ್ ಬಳಸುವುದಾದರೆ ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಪತ್ರದ ಬಗ್ಗೆ ವಿಚಾರಿಸಿ.

ಮರುಬರಹ: ಅಘನಾಶಿನಿ, ಶಿರಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ಗುಣಿಸಿದ ಲೆಕ್ಕವನ್ನು ಅಪ್ಪಯ್ಯನ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಮೊದಲು ಹೇಳಿದರು, ಆಯಿ ಒಪ್ಪಲಿಲ್ಲ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಮೂತ್ರರೋಗ ತಜ್ಞರನ್ನು ಕಾಣಲು ಸಮಯ ಸಿಕ್ಕಿದೆ. ಎಂಆರ್‌ಐಗೆ ಅಪ್ಪಯ್ಯ ಒಪ್ಪಿದ್ದಾರೆ, ಬಯಾಪ್ಸಿಯ ಮಾತನ್ನು ವೈದ್ಯರ ಬಾಯಿಂದಲೇ ಕೇಳುತ್ತೇನೆ ಎಂದಿದ್ದಾರೆ. ಜೊತೆಯಲ್ಲಿ ಏನೇನು ಒಯ್ಯಬೇಕು?

ಉತ್ತರ 5: ಕಾಳೀತೀರ, ಕಾರವಾರ

ಎರಡೂ ಪಿಎಸ್‌ಎ ವರದಿಗಳು, ಹಳೆಯ ಸ್ಕ್ಯಾನಿಂಗ್ ವರದಿ, ಕಲ್ಚರ್ ವರದಿ ಮತ್ತು ಮಾತ್ರೆಯ ಹಾಳೆಯನ್ನೇ ಒಯ್ಯಿರಿ. ಮಾತ್ರೆ ಆರಂಭಿಸಿದ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನೋ ಹೃದಯಕ್ಕಾಗಿ ಆಸ್ಪಿರಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಸಾಧನ ಇದ್ದರೆ ಎಂಆರ್‌ಐಗೆ ಮೊದಲೇ ತಿಳಿಸಬೇಕು. ಪಿಎಸ್‌ಎಯನ್ನು ಮತ್ತೆ ಮಾಡಿಸಲು ಹೇಳಿದರೆ, ಬೇರೆ ಬೇರೆ ಯಂತ್ರಗಳ ಅಂಕಿಗಳಲ್ಲಿ ವ್ಯತ್ಯಾಸವಿರುವುದರಿಂದ, ಆದಷ್ಟು ಮಟ್ಟಿಗೆ ಮೊದಲಿನ ಲ್ಯಾಬಿನಲ್ಲಿಯೇ ಮಾಡಿಸಿ.